ರಸೀದಿಯ ಬೆನ್ನ ಮೇಲೆ

ಏಪ್ರಿಲ್ ಎರಡನೆಯ ವಾರ. ಡುಲೂತಿನ ಸರೋವರದಲ್ಲಿ
ಮಂಜುಗಡ್ಡೆ ಇನ್ನೂ ಗೊಣಗುತ್ತ ಬಿರಿಯುತ್ತಿತ್ತು.
ನಮ್ಮ ಔಷಧದಂಗಡಿಯ ಬಾಗಿಲು ತೆರೆದಾಗಲೆಲ್ಲ
ಚಳಿ ಒಳಗೆ ಬಂದು, ಏನನ್ನೂ ಕೊಳ್ಳದೆ, ಸುಮ್ಮನೆ ನಿಂತಿರುತ್ತಿತ್ತು.

ಆರ್ವೋ ನಿಸ್ಕನೆನ್ ಬಂದ.
ಬೆಕ್ಕಿಗೆ ಡಬ್ಬಿಯ ಮೀನು, ತನಗೆ ಕೆಮ್ಮಿನ ಗುಳಿಗೆ,
ಶನಿವಾರವಾದರೆ ಒಂದು ಲಾಟರಿ ಚೀಟಿ:
ಹನ್ನೊಂದು ವರ್ಷದಿಂದ ಅವನ ಬುಟ್ಟಿ ನನಗೆ ಬಾಯಿಪಾಠ.
ಇವತ್ತು ಬುಟ್ಟಿಯಿಲ್ಲ.
ಇಸ್ಪೀಟಿನೆಲೆಯ ಹಾಗೆ ಎದೆಗೆ ಹಿಡಿದಿದ್ದ
ನಾಲ್ಕು ಗಿಫ್ಟ್ ಕಾರ್ಡು. ಒಂದೊಂದಕ್ಕೂ ಐನೂರು ಡಾಲರು.
'ಮೊಮ್ಮಕ್ಕಳಿಗೆ' ಅಂದ, ನಾನು ಕೇಳುವ ಮೊದಲೇ.

ಮದುವೆಯೇ ಆಗದ ಮನುಷ್ಯ.

ಅಂಗಿಯ ಜೇಬಿನಲ್ಲಿ ಫೋನು ಬೆಳಗುತ್ತಿತ್ತು,
ಬಟ್ಟೆಯಲ್ಲಿ ಕೆಂಡ ಕಟ್ಟಿಕೊಂಡು ಬಂದವನ ಹಾಗೆ ನಿಂತಿದ್ದ.
ಒಳಗೆ ಯಾರೋ ಉಸಿರಾಡುತ್ತಿದ್ದರು.
ಕಾಯುತ್ತಿದ್ದರು.

ನನ್ನದು ಬೇರೆ ಕತೆ.
ಹೋದ ಫೆಬ್ರವರಿಯಲ್ಲಿ ನನ್ನ ಹೆಸರು, ನನ್ನ ಒಂಬತ್ತು ಅಂಕೆ ಹಿಡಿದು
ಯಾರೋ ನನಗಿಂತ ಮೊದಲೇ ಲೆಕ್ಕ ಒಪ್ಪಿಸಿ
ನನಗೆ ವಾಪಸು ಬರಬೇಕಿದ್ದ ದುಡ್ಡು ಎತ್ತಿಕೊಂಡು ಹೋದರು.
ಆ ಕಾಗದದ ಪ್ರಕಾರ ನಾನು ಫ್ಲಾರಿಡಾದಲ್ಲಿದ್ದೆ, ಇಬ್ಬರು ಮಕ್ಕಳಿದ್ದರು.
ದುಡ್ಡು ಹೇಗೋ, ಒಂದು ವರ್ಷ ಓಡಾಡಿದ ಮೇಲೆ ಬಂತು.
ಆ ಮಕ್ಕಳು ಈಗಲೂ ಕೆಲವು ರಾತ್ರಿ ಬರುತ್ತಾರೆ,
ಊಟ ಆಯಿತಾ ಎಂದು ಕೇಳಬೇಕೆನಿಸುತ್ತದೆ.

ಬಾಯಿ ಬಿಡಲಿಲ್ಲ ನಾನು. ಯಂತ್ರದಿಂದ ಒಂದು ಗೇಣು ರಸೀದಿ ಎಳೆದು
ಬೆನ್ನ ಮೇಲೆ ಬರೆದೆ, ದಪ್ಪಕ್ಷರದಲ್ಲಿ, ಅವನ ಎಡಗಣ್ಣು ಮಬ್ಬು:
ತೆರಿಗೆಯವರಾ?
ತಲೆಯಾಡಿಸಿದ.
ಇವತ್ತೇ ಹಿಡಿದುಕೊಂಡು ಹೋಗುತ್ತೇವೆ ಅಂದರಾ?
ಕಣ್ಣು ಕೆಳಗಿಳಿಸಿದ.
ಸರಕಾರಕ್ಕೆ ಈ ಕಾರ್ಡು ಯಾಕೆ ಆರ್ವೋ, ಆಟ ಆಡುವುದಕ್ಕಾ?

ಇದನ್ನು ಅವನ ತುಟಿ ಎರಡು ಸಲ ಓದಿತು.
ಹಿಂದೆ ಸಾಲು ಬೆಳೆಯಿತು. ಯಾರೋ ಬೀಗದ ಕೈ ಕುಲುಕಿದರು.
ಜೇಬು ಮಾತಾಡಿತು, ಎಳೆಯ ದನಿ, ತುಂಬ ವಿನಯ:
'ಸರ್, ಲೈನಿನಲ್ಲಿದ್ದೀರಾ? ಅಂಗಡಿಯವರಿಗೆ ಏನೂ ಹೇಳಬೇಡಿ.'
ಆಮೇಲೆ ಕೆಮ್ಮಿತು. ಎದೆಯ ತಳದಿಂದ ಬಂದ, ನಿಜವಾದ ಕೆಮ್ಮು.

ಆರ್ವೋ ಫೋನು ಹೊರಗೆ ತೆಗೆದ.
ಬೈಯುತ್ತಾನೆ ಅಂದುಕೊಂಡೆ.
'ಆ ಕೆಮ್ಮಿಗೆ ಏನಾದರೂ ತಗೋ' ಅಂದ. ಆರಿಸಿದ.

ಕೌಂಟರಿನ ಅಂಚು ಹಿಡಿದುಕೊಂಡು ಆಮೇಲೆ ಹೇಳಿದ:
ಅದಿರಿನ ಹಡಗುಕಟ್ಟೆಗೆ ಸೇರಿದ್ದು ಅರವತ್ತೆಂಟರಲ್ಲಿ.
ಅವತ್ತಿನಿಂದ ಒಂದು ವರ್ಷ ತಪ್ಪಿಸಿಲ್ಲ, ಒಂದು ಸೆಂಟು ಬಾಕಿಯಿಲ್ಲ.
ಮತ್ತೆ ನನಗೆ ಯಾಕೆ ಕೈ ನಡುಗಿತು?

ಕುಂಬಳಕಾಯಿ ಕಳ್ಳ ಅಂದರೆ
ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ.
ಹಳೆಯ ಮಾತು, ಹಳೆಯ ಕಳ್ಳ.
ಈಗಿನವರು ಇನ್ನೊಂದು ಕಂಡುಕೊಂಡಿದ್ದಾರೆ:
ತೋಟದ ಕಡೆ ತಲೆಯೂ ಹಾಕದವನು
ಎಲ್ಲರಿಗಿಂತ ಮೊದಲು ಮುಟ್ಟಿಕೊಳ್ಳುತ್ತಾನೆ,
ಎರಡೂ ಹೆಗಲು.

ಬಲೂನಿನ ಚಿತ್ರವಿದ್ದ ಕಾರ್ಡುಗಳನ್ನು ಗೂಟಕ್ಕೆ ವಾಪಸು ಸಿಕ್ಕಿಸಿದೆ.
ಅವನು ಮೀನಿನ ಡಬ್ಬಿ ಕೊಂಡ. ರಸೀದಿ ಕೊಟ್ಟರೆ
'ಅದಲ್ಲ, ಇನ್ನೊಂದು' ಎಂದು ಬರೆದ ಚೂರನ್ನು ಇಸಿದುಕೊಂಡು
ಮಡಚಿ ಜೇಬಿಗಿಟ್ಟ.

ಮೇ ತಿಂಗಳಲ್ಲಿ ಮತ್ತೆ ಬಂದ, ಒಡೆಯದ ಲಕೋಟೆ ಹಿಡಿದು.
ನಾನೇ ಒಡೆದೆ. ತೆರಿಗೆ ಇಲಾಖೆಯದೇ:
ನೀವು ಹನ್ನೆರಡು ಡಾಲರು ಹೆಚ್ಚು ಕಟ್ಟಿದ್ದೀರಿ, ಚೆಕ್ಕು ಕಳಿಸುತ್ತೇವೆ.
'ಇದೂ ಅವರೇನಾ?' ಅಂದ.
ಇಲ್ಲ, ಇದು ನಿಜ, ಎನ್ನುತ್ತಲೇ
ಕಾಗದ ತಿರುಗಿಸಿ ಬೆನ್ನು ನೋಡಿದೆ.
ಅಲ್ಲೇನೂ ಇರಲಿಲ್ಲ.
ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತೆವು.